ನೇರಳೆ ಕೋಳಿಗಳು

ಜೂನ್ ೧೧, ಮಂಗಳವಾರ

ಕೋಳಿಯ ಬೆನ್ನಿಗೆ ನಾಯಿ ಕಚ್ಚಿದ ಗಾಯ ಒಣಗುತ್ತಿತ್ತು. ಮೂರು ದಿನ ಉಪ್ಪುನೀರಿನಲ್ಲಿ ತೊಳೆದು, ಸುತ್ತಲಿನ ಪುಕ್ಕ ಕತ್ತರಿಸಿ, ನೇರಳೆ ಔಷಧಿ ಹಚ್ಚಿದ್ದೆ. ಒಂಟಿಯಾಗಿ ಕೊರಗುತ್ತಿದೆಯೆಂದು ಬೆಳಿಗ್ಗೆ ಗೂಡಿಗೆ ಬಿಟ್ಟದ್ದೇ ತಪ್ಪಾಯಿತು. ಉಳಿದ ನಾಲ್ಕು ಬಿಳಿ ಕೋಳಿಗಳು ಆ ನೇರಳೆ ಬೆನ್ನನ್ನೇ ಕುಕ್ಕಿ ಮತ್ತೆ ರಕ್ತ ಬರಿಸಿದವು.

ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ ಇಣುಕಿದರು. "ಯಾಕಮ್ಮಾ ಒದ್ದಾಡ್ತೀರಿ? ಇವತ್ತೇ ಕೊಯ್ದು ಒಲೆ ಮೇಲಿಡಿ."

"ಕಚ್ಚಿದ್ದು ನಿಮ್ಮ ನಾಯಿ, ಮೇಷ್ಟ್ರೇ. ಮೊದಲು ಅದನ್ನ ಕಟ್ಟಿಹಾಕಿ, ಆಮೇಲೆ ಅಡುಗೆ ಹೇಳಿಕೊಡಿ." ಗೋಡೆಯ ಮೇಲಿನ ತಲೆ ಮಾಯವಾಯಿತು.

ಆ ನಾಲ್ಕು ಕೊಕ್ಕುಗಳು ನನಗೆ ಹೊಸವಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಆಫೀಸಿನಲ್ಲಿ ಸುಳ್ಳು ವರದಿಗೆ ಸಹಿ ಹಾಕುವುದಿಲ್ಲವೆಂದದ್ದಕ್ಕೆ ನೋಟಿಸ್ ತಿಂದಾಗ, ದಿನಾ ನನ್ನೊಂದಿಗೆ ಊಟ ಮಾಡುತ್ತಿದ್ದ ನಾಲ್ವರು ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಯಾರ ಡಬ್ಬಿಗೆ ಯಾವ ಬಣ್ಣದ ಮುಚ್ಚಳವಿತ್ತೆಂಬುದು ಇವತ್ತಿಗೂ ನೆನಪಿದೆ.

ಸಂಜೆ ಗಾಯ ತೊಳೆದು ಮತ್ತೆ ಔಷಧಿ ಹಚ್ಚಿದೆ. ಆಮೇಲೆ ಉಳಿದ ನಾಲ್ಕನ್ನೂ ಒಂದೊಂದಾಗಿ ಹಿಡಿದು, ಅವುಗಳ ಬೆನ್ನಿಗೂ ಅದೇ ನೇರಳೆ ಬಳಿದೆ.

ಟಾರ್ಚ್ ಹಿಡಿದು ನಿಂತಿದ್ದ ಅಕ್ಕ ಬೈದಳು. "ತಲೆ ಕೆಟ್ಟಿದೆಯೇನೇ ನಿಂಗೆ? ಸೀಸೆ ಪೂರ್ತಿ ಖಾಲಿ!"

"ಈಗ ಯಾರನ್ನ ಕುಕ್ತಾವೋ ಕುಕ್ಕಲಿ ಬಿಡೇ ಅಕ್ಕಾ."

ಒಂದು ಗಂಟೆ ಕಾದು ನೋಡಿದೆವು. ಒಂದನ್ನೊಂದು ಪಿಳಿಪಿಳಿ ನೋಡಿದವು, ಸುತ್ತಿದವು, ಕೊನೆಗೆ ಐದೂ ಒತ್ತೊತ್ತಾಗಿ ಕೂತವು. ಗಾಯದ್ದು ನಡುವೆ.

ಕೈಯ ಬಣ್ಣ ಯಾವ ಸೋಪಿಗೂ ಜಗ್ಗುತ್ತಿಲ್ಲ. ಇರಲಿ. ನಾಳೆ ಮೇಷ್ಟ್ರು ಇಣುಕುತ್ತಾರೆ. ಕೊಯ್ಯಬೇಕಾದ ಕೋಳಿ ಇವುಗಳಲ್ಲಿ ಯಾವುದೆಂದು ಅವರೇ ಹುಡುಕಿಕೊಳ್ಳಲಿ. ನಾನಂತೂ ಹೇಳುವವಳಲ್ಲ.