ನಮ್ಮ ಬಾವಿಯ ಕಪ್ಪೆಗಳು ಸತ್ತ ಬಗ್ಗೆ

ಸೊಳ್ಳೆ ನಿವಾರಣೆಯ ಹೊಣೆ ಹೊತ್ತ ಅಧಿಕಾರಿಗಳೇ,

ನಿಮ್ಮ ಸಿಬ್ಬಂದಿ ನಮ್ಮ ಕುಡಿಯುವ ನೀರಿನ ಬಾವಿಯಲ್ಲಿ ಡಿ.ಡಿ.ಟಿ. ಪಂಪುಗಳನ್ನು ತೊಳೆದು ಹೋಗಿದ್ದಾರೆ. ನಿಮಗೆ ಹೇಳಿ ಸಾಕಾಗಿ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಔಷಧಕ್ಕೆ ನಾನು ವಿರೋಧಿಯಲ್ಲ. ನನ್ನ ತಂಗಿ ಚಳಿಜ್ವರದಲ್ಲೇ ತೀರಿಕೊಂಡವಳು. ತಿಕೋಟಾ ಸಮೀಪದ ನಮ್ಮ ಊರಿಗೆ ನಿಮ್ಮ ಜೀಪು ಬಂದಾಗ ಪಾತ್ರೆ, ಹಾಸಿಗೆಗಳನ್ನು ಮೊದಲು ಹೊರಗಿಟ್ಟು ಗೋಡೆಗೆಲ್ಲ ಹೊಡೆಸಿಕೊಂಡವರು ನಾವೇ. ಆದರೆ ಕೆಲಸ ಮುಗಿದ ಮೇಲೆ ಪಂಪು ತೊಳೆಯಲು ಅವರು ಊರ ನಡುವಿನ ದೊಡ್ಡ ಬಾವಿಯನ್ನು ದಾಟಿ ನಮ್ಮ ಕೇರಿಯ ಬಾವಿಗೇ ಬಂದದ್ದೇಕೆ? ನನ್ನ ತಾಯಿ ಪರಸವ್ವ ಅಡ್ಡ ನಿಂತಳು.

"ಯಪ್ಪಾ, ಇದು ಕುಡಿಯೂ ನೀರ್ರಿ. ಇಲ್ಲಿ ತೊಳಿಬ್ಯಾಡ್ರಿ."

"ಸರಿ ಬೇ ಮುದುಕಿ ಅತ್ಲಾಗ! ಇದು ಸೊಳ್ಳಿ ಕೊಲ್ಲೂ ಔಷಧ, ಮಂದಿಗೇನ ಆಗಂಗಿಲ್ಲ," ಎಂದ ನಿಮ್ಮ ಮೇಲ್ವಿಚಾರಕ.

ಮರುದಿನ ಬೆಳಿಗ್ಗೆ ನೀರಿನ ತುಂಬ ಕಪ್ಪೆಗಳು ಬಿಳಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನುಗಳೂ ಸತ್ತಿದ್ದವು. ಅವುಗಳನ್ನು ತಿಂದ ಕೊಕ್ಕರೆಯೊಂದು ಸಂಜೆಯ ಹೊತ್ತಿಗೆ ಬೇವಿನ ಬುಡದಲ್ಲಿ ರೆಕ್ಕೆ ಬಡಿಯುತ್ತ ಸತ್ತಿತು. ಅವ್ವ ಯಾರಿಗೂ ಕೊಡ ಇಳಿಸಗೊಡಲಿಲ್ಲ.

ಉಳಿದದ್ದು ದೊಡ್ಡ ಬಾವಿ. ಅಲ್ಲಿ ನಮ್ಮ ಕೇರಿಯವರು ಹಗ್ಗ ಮುಟ್ಟುವಂತಿಲ್ಲ. ಯಾರಾದರೂ ಕನಿಕರಪಟ್ಟು ಮೇಲಿಂದ ಸುರಿಯಬೇಕು. ನನ್ನ ಹೆಂಡತಿ ಸತ್ಯವ್ವ ಖಾಲಿ ಕೊಡ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕಾದಳು. ಕೊನೆಗೆ ಒಕ್ಕಲಗಿತ್ತಿ ಕಾಳವ್ವ ನೀರು ಹಾಕಿ, "ನಾಳಿ ಲಗೂನ ಬಾ ಬೇ, ನನ್ನ ಗಂಡ ನೋಡಿದ್ರ ಬೈತಾನ," ಎಂದಳಂತೆ. ಅಂದು ಸತ್ಯವ್ವ ಊಟ ಮಾಡಲಿಲ್ಲ.

ನಾನು ವಿಜಾಪುರಕ್ಕೆ ಬಂದು ನಿಮ್ಮನ್ನೇ ಕಂಡೆ. ನೆನಪಿದೆಯೇ? "ಮಂದಿ ಯಾರರ ಸತ್ತಾರೇನು?" ಎಂದು ಕೇಳಿದಿರಿ. ಇಲ್ಲ ಎಂದೆ. "ಮತ್ತ, ಕಪ್ಪಿ ಸತ್ರ ಸರಕಾರ ಏನ ಮಾಡಬೇಕೋ?" ಎಂದು ನಕ್ಕಿರಿ. ಕ್ಷಮಿಸಿ, ತಮ್ಮ ಕಚೇರಿಯ ಅನುಕೂಲಕ್ಕಾಗಿ ನಮ್ಮಲ್ಲೊಬ್ಬರು ಸಾಯಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಸೊಳ್ಳೆ ತಿನ್ನುವ ಕಪ್ಪೆಯನ್ನು ಕೊಂದು ಸೊಳ್ಳೆ ನಿವಾರಿಸುವ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ಕಡೆಗೆ ಕೇರಿಯವರೇ ಕೂಡಿ ಬಾವಿ ಬರಿದು ಮಾಡಿದೆವು. ಆ ನೀರನ್ನು ಹಳ್ಳಕ್ಕೆ ಬಿಡಲು ಹೊರಟಾಗ ಅವ್ವ ತಡೆದಳು: "ಕೆಳಗ ಆಡು ಕುರಿ ಕುಡಿತಾವ. ಅವ್ರ ಮಾಡಿದ್ದು ನಾವು ಮಾಡೂದ ಬ್ಯಾಡ." ದೂರದ ಬೀಳುಭೂಮಿಯಲ್ಲಿ ಗುಂಡಿ ತೋಡಿ ಸುರಿದೆವು. ಹೊಸ ನೀರು ಬಂದಿದೆ. ಕುಡಿಯಬಹುದೋ ಬಾರದೋ ಹೇಳುವವರಿಲ್ಲ. ಈ ಮಳೆಗಾಲದಲ್ಲಿ ಒಂದು ಕಪ್ಪೆಯ ದನಿಯೂ ಕೇಳಲಿಲ್ಲ, ಸೊಳ್ಳೆಗಳು ಮಾತ್ರ ಹಿಂದಿಗಿಂತ ಹೆಚ್ಚು. ಅವ್ವ ಚಳಿಜ್ವರ ಬಂದು ಮಲಗಿದ್ದಾಳೆ.

ಯಾವ ಬಾವಿ, ಕೆರೆಯಲ್ಲೂ ಪಂಪು ತೊಳೆಯಕೂಡದೆಂದು ಆಜ್ಞೆ ಹೊರಡಿಸಿ. ನಮ್ಮ ನೀರನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ, ಕಾನೂನು ಎಂದೋ ಕೊಟ್ಟ ಹಕ್ಕಿನಂತೆ, ಸತ್ಯವ್ವ ದೊಡ್ಡ ಬಾವಿಯಲ್ಲಿ ತನ್ನ ಕೈಯಿಂದಲೇ ನೀರು ಸೇದುವಾಗ ನೀವು ಅವಳ ಪಕ್ಕದಲ್ಲಿ ನಿಲ್ಲಬೇಕು. ಬರುವ ದಿನ ತಿಳಿಸಿ. ಹಗ್ಗ ನಾವೇ ತರುತ್ತೇವೆ.

ಇಂತಿ,
ಸಾಯದೆ ಉಳಿದು ತಮಗೆ ತೊಂದರೆ ಕೊಟ್ಟ
ದಶರಥ
ಆಗಸ್ಟ್ ೧೯೬೨