ಖಾಲಿ ಡಬ್ಬಿಯ ಕುಡಿತ

ಗದಗ, ಜೂನ್ ೩೧, ೨೧೮೬

ನೂರ ಅರವತ್ತು ವರ್ಷ ಹಿಂದಿನ ಲ್ಯಾಬ್ ಗೆಳೆಯರಿಗೆ, ರುಖಿಯಾ ನದಾಫಳ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮ ಜೂನಿಗೆ ಮೂವತ್ತೊಂದು ದಿನ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಹಾಸ್ಟೆಲ್‌ನಲ್ಲಿ ಬೆಳೆದವಳು, ಈಗ ಫಸ್ಟ್ ಇಯರ್, ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್.

ಇಲ್ಲಿ ಗಾಡಿಗಳ ಟ್ಯಾಂಕಿನಲ್ಲಿ ಹೈಡ್ರೋಜನ್ ಹೀರಿಟ್ಟುಕೊಳ್ಳುವ ಲೋಹದ ಪುಡಿ ಇರುತ್ತದೆ. ಪುಡಿ ತನ್ನ ತೂಕದ ಎಷ್ಟು ಪರ್ಸೆಂಟ್ ಹೀರಿತು ಎಂಬುದಕ್ಕೆ ನಾವು ‘ಕುಡಿತ’ ಅನ್ನುತ್ತೇವೆ. ಪುಡಿಯನ್ನು ಉಕ್ಕಿನ ಡಬ್ಬಿಯಲ್ಲಿಟ್ಟು ಗ್ಯಾಸ್ ಬಿಡುವುದು. ಡಬ್ಬಿಯ ಖಾಲಿ ಜಾಗ ತುಂಬಿದ ಮೇಲೂ ಪ್ರೆಷರ್ ಇಳಿದರೆ, ಇಳಿದಷ್ಟು ಕುಡಿತ. ಮೆಸ್ಸಿನಲ್ಲಿ ಯಾರಾದರೂ ಮೂರನೇ ಲೋಟ ಮಜ್ಜಿಗೆ ಕೇಳಿದರೆ ‘ಇವಳ ಕುಡಿತ ಏಳು ಪರ್ಸೆಂಟ್’ ಎಂದು ಕಾಡಿಸುತ್ತೇವೆ.

ನನಗೆ ಅಳೆಯಲು ಕೊಟ್ಟದ್ದು ಹೆರಿಗೆ ವ್ಯಾನಿನ ಪುಡಿ. ಮುಂಡರಗಿ ಕಡೆಯ ಹಳ್ಳಿಗಳಿಂದ ಬಸುರಿಯರನ್ನು ಕರೆತರಬೇಕಾದ ವ್ಯಾನ್ ಅದು. ದಾರಿಯಲ್ಲಿ ಗ್ಯಾಸ್ ತುಂಬಿಸುವ ಜಾಗವಿಲ್ಲ. ಪುಡಿ ಐದೂವರೆ ಪರ್ಸೆಂಟಿಗಿಂತ ಕಡಿಮೆ ಕುಡಿದರೆ ವ್ಯಾನ್ ವಾಪಸ್ ಬರುವಾಗ ಬಯಲಿನಲ್ಲೇ ನಿಲ್ಲುತ್ತದೆ. ನಿಮ್ಮ ಕಾಲದ ಒಂದು ಪ್ರಬಂಧದಲ್ಲಿ ಇದೇ ಪುಡಿಗೆ ೬.೯ ಎಂದಿತ್ತು. ನನಗೆ ಬಂದದ್ದು ೬.೮. ಹಳಬರ ಜೊತೆ ತಾಳೆಯಾಯಿತಲ್ಲ ಎಂದು ಸಹಿ ಹಾಕಲು ಹೊರಟೆ.

ಲ್ಯಾಬ್ ನೋಡಿಕೊಳ್ಳುವ ತುಳಜವ್ವ ಅಕ್ಕೋರು ಹಾಳೆ ನೋಡಿ, ‘ಪುಡಿ ಭಾಳ ಕುಡೀತು ಅಂತ ಬರದೀಯಲ್ಲವಾ, ಖಾಲಿ ಡಬ್ಬಿ ಎಷ್ಟ ಕುಡೀತೈತಿ ನೋಡೀಯೇನ?’ ಅಂದರು.

‘ಖಾಲಿ ಡಬ್ಬಿ ಹೆಂಗ ಕುಡೀತೈತ್ರಿ, ಅಕ್ಕೋರ?’

‘ಹೊರಗ ಸೋರಿದ್ರೂ ಪ್ರೆಷರ್ ಇಳೀತೈತಿ. ನಿನ್ನ ಮೀಟರಿಗೆ ಎರಡೂ ಒಂದ.’

ಪುಡಿ ಹಾಕದೆ ಅಳೆದೆ. ಖಾಲಿ ಡಬ್ಬಿಯೂ ಕುಡಿಯಿತು. ವಾಲ್ವಿನ ವಾಷರ್ ಕೂದಲೆಳೆಯಷ್ಟು ಸೀಳಿತ್ತು. ಅದನ್ನು ಬದಲಿಸಿ, ಖಾಲಿ ಡಬ್ಬಿ ಸುಮ್ಮನಾದ ಮೇಲೆ ಪುಡಿಯನ್ನು ಮೂರು ಸಲ ಅಳೆದೆ: ೪.೭, ೪.೬, ೪.೭. ‘ವ್ಯಾನಿಗೆ ಬೇಡ’ ಎಂದು ಬರೆದು ಸಹಿ ಹಾಕಿದೆ. ಇದನ್ನು ಇನ್ನು ಯಾರು ಬಂದು ಅಳೆದರೂ ನನಗೆ ಹೆದರಿಕೆಯಿಲ್ಲ.

ನಿಮ್ಮ ೬.೯ ಹೇಗೆ ಬಂತೋ ನನಗೆ ಗೊತ್ತಿಲ್ಲ. ಖಾಲಿ ಡಬ್ಬಿಯ ರೀಡಿಂಗನ್ನು ನೀವು ಅಚ್ಚು ಹಾಕಿಸಿಲ್ಲ, ಹಾಗಾಗಿ ಇನ್ನು ಗೊತ್ತಾಗುವುದೂ ಇಲ್ಲ. ಆ ಸಂಖ್ಯೆ ನಂಬಿ ನಮ್ಮ ಲ್ಯಾಬ್ ಎಂಟು ತಿಂಗಳು ಇದೇ ಪುಡಿ ತಯಾರಿಸಿತು. ವ್ಯಾನ್ ಇನ್ನೂ ಶೆಡ್ಡಿನಲ್ಲಿದೆ. ದಯವಿಟ್ಟು ಪುಡಿಯ ಸಂಖ್ಯೆಯ ಪಕ್ಕದಲ್ಲಿ ಖಾಲಿ ಡಬ್ಬಿಯದನ್ನೂ ಬರೆಯಿರಿ. ಸೊನ್ನೆ ಬಂದರೂ ಬರೆಯಿರಿ. ನಾಚಿಕೆಪಡುವಂಥದ್ದು ಬಂದರೆ ಅದನ್ನು ಮೊದಲು ಬರೆಯಿರಿ. ಕಾಲದ ಈ ಕಡೆ ಯಾರೋ ನೀವು ಬರೆದದ್ದನ್ನು ನಂಬಿಕೊಂಡೇ ಗಾಡಿ ಹತ್ತುತ್ತಾರೆ.