ಅಮ್ಮನ ಕಿವಿಯ ಕಂಪನಿ

ಪ್ರೀತಿಯ ಅಣ್ಣನಿಗೆ,

ಅಮ್ಮನ ಕಿವಿಯ ಯಂತ್ರ ತಯಾರಿಸುವ ಆ ಪುಟ್ಟ ಕಂಪನಿಯ ಷೇರು ನೆಲಕಚ್ಚಿದೆ. ಅದಕ್ಕೆ ದುಡ್ಡು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನೀನು ಬರೆದದ್ದನ್ನು ಮೂರು ಸಲ ಓದಿದೆ. ಇಂಥ ವಿಷಯದಲ್ಲಿ ನೀನು ತಪ್ಪಿದವನಲ್ಲ.

ಆದರೆ ಕಂಪನಿ ಮುಚ್ಚಿದರೆ ಯಂತ್ರವನ್ನು ಹೊಂದಿಸುವ ಆ್ಯಪ್ ಕೂಡ ನಿಂತುಹೋಗುತ್ತದಂತೆ. ರಿಪೇರಿಯವರು, "ಆಮೇಲೆ ಇದು ಬರೀ ಪ್ಲಾಸ್ಟಿಕ್ಕು, ಅಷ್ಟೇ" ಅಂದರು.

ಹಿಂದೆ ಕೊಂಡ ಯಂತ್ರಗಳಲ್ಲಿ ಅಮ್ಮನಿಗೆ ಕೇಳಿಸಿದ್ದು ಗದ್ದಲ ಮಾತ್ರ. ಇದನ್ನು ಹಾಕಿದ ಮರುದಿನವೇ ಒಳಗಿನಿಂದ, "ಹೊಲಿಗೆ ಮೆಷಿನ್ನಿಗೆ ಎಣ್ಣೆ ಹಾಕೇ, ಕಿರುಗುಟ್ತಿದೆ" ಅಂದಳು. ಅದು ಹನ್ನೊಂದು ವರ್ಷದಿಂದ ಕಿರುಗುಟ್ಟುತ್ತಲೇ ಇತ್ತು ಅಣ್ಣ, ಅವಳಿಗೆ ಗೊತ್ತಿರಲಿಲ್ಲ.

ನಾನು ಬಟ್ಟೆ ಹೊಲಿದು ಉಳಿಸಿದ್ದರಿಂದ ಒಂದು ಕಂಪನಿ ಬದುಕುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಆದರೂ ಕೈಕಟ್ಟಿ ಕೂರಲು ಆಗುತ್ತಿಲ್ಲ. ನಾನು ನಿನ್ನ ಬಳಿ ಇಟ್ಟಿರುವ ದುಡ್ಡಿನಲ್ಲಿ ಅರ್ಧವನ್ನಾದರೂ ಆ ಷೇರಿಗೆ ಹಾಕಲೋ ಬೇಡವೋ, ಒಂದು ಮಾತು ತಿಳಿಸು.

ಬೈಯುವುದಾದರೆ ಕಾಗದದಲ್ಲೇ ಬೈ, ಫೋನ್ ಮಾಡಬೇಡ. ಕಂಪನಿಯ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಈಗ ಅವಳಿಗೆ ಪಕ್ಕದ ಕೋಣೆಯ ಪಿಸುಮಾತೂ ಕೇಳಿಸುತ್ತದೆ.

ನಿನ್ನ ತಂಗಿ